ಒಂದೇ ಕರೆಗೆ ‘ಓ’ ಎನ್ನುವ ಮಾವ

ದೆವ್ವ ಕರೆದರೂ ‘ಓ’ ಎನ್ನುವ ಮನುಷ್ಯ ನಮ್ಮ ಕಾರವಾರ ಸೀಮೆಯಲ್ಲಿ ಒಬ್ಬನೇ ಒಬ್ಬ ಇದ್ದಾನೆ, ಅವನು ನನ್ನ ಸೋದರಮಾವ! ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅಂಥವನ ಜೊತೆ ದಿನಾ ಸಂಜೆ ವಾಕಿಂಗ್ ಹೋಗಬೇಕಾದವಳು ನಾನು. ನನಗೆ ಸಕ್ಕರೆ ಕಾಯಿಲೆ ಶುರುವಾದ ಮೇಲೆ ಡಾಕ್ಟರು ದಿನಾ ನಡೆಯಬೇಕು ಅಂದರು. ಜೊತೆಗೆ ಯಾರಿರಬೇಕು ಅನ್ನುವುದನ್ನು ಅವರು ಚೀಟಿಯಲ್ಲಿ ಬರೆದುಕೊಡಲಿಲ್ಲ.

ನಮ್ಮ ಕಡೆಯ ನಿಯಮ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ಮುಸ್ಸಂಜೆಯಲ್ಲಿ ಯಾರಾದರೂ ಹೊರಗಿನಿಂದ ಕರೆದರೆ ಥಟ್ಟನೆ ಓಗೊಡಬಾರದು. ಮೂರು ಸಲ ಕರೆಯುವ ತನಕ ಕಾಯಬೇಕು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ದೆವ್ವಕ್ಕೆ ಒಂದೇ ಸಲ ಕರೆಯುವಷ್ಟು ಶಕ್ತಿ. ಅದಕ್ಕೆ ‘ಓ’ ಅಂದಿರೋ, ನಿಮ್ಮ ಕಥೆ ಮುಗಿಯಿತು! ಈ ನಿಯಮವನ್ನು ನನ್ನ ಅಜ್ಜಿ, ಅಂದರೆ ಮಾವನ ತಾಯಿ, ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳೆಂದರೆ ಅವಳ ಮನೆಯಲ್ಲಿ ಸಂಜೆಯ ಹಾಲು ದಿನಾ ಉಕ್ಕಿ ಹೋಗುತ್ತಿತ್ತು. ಹೊರಗಿನಿಂದ ಒಬ್ಬರು ‘ಹಾಲು ನೋಡೇ’ ಅನ್ನಬೇಕು, ಒಳಗಿದ್ದವರು ‘ಒಂದು’ ಎಂದು ಎಣಿಸಬೇಕು, ಹಾಲು ಎರಡರವರೆಗೂ ಕಾಯುತ್ತಿರಲಿಲ್ಲ!

ಅಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ಈ ನನ್ನ ಮಾವ. ಯಾರನ್ನು ಯಾರೇ ಕರೆಯಲಿ, ಇವನ ಬಾಯಿಂದ ‘ಓ, ಬಂದೆ!’ ಹೊರಟೇಬಿಡುತ್ತದೆ. ಅತ್ತೆಯ ಪಾಲಿಗೆ ಮಾತ್ರ ಇದು ದೊಡ್ಡ ಭಾಗ್ಯ. “ನಾ ಮದುವೆಯಾಗಿ ಬಂದಾಗಿಂದ ಇವರನ್ನ ಎರಡನೇ ಸಲ ಕರೆದದ್ದೇ ಇಲ್ಲ ಮಾರಾಯ್ತಿ. ಕೇರಿಯ ಹೆಂಗಸರಿಗೆಲ್ಲ ನನ್ನ ಮೇಲೆ ಹೊಟ್ಟೆಕಿಚ್ಚು” ಎನ್ನುತ್ತಾಳೆ. ನನಗೂ ಹೊಟ್ಟೆಕಿಚ್ಚೇ. ನನ್ನ ಮನೆಯವರು ಐದನೇ ಸಲಕ್ಕೆ “ಕರದ್ಯಾ?” ಎಂದು ಕೇಳುವ ಪೈಕಿ.

ಒಮ್ಮೆ ಅಂಕೋಲೆಯ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ನಿಂತಿದ್ದೆವು. ಗದ್ದಲದ ನಡುವೆ ಯಾರೋ ಗಂಡಸು “ಪಾರ್ವತೀ!” ಎಂದು ಕೂಗಿದ. ನನ್ನ ಪಕ್ಕದಿಂದ ಗಟ್ಟಿಯಾಗಿ “ಓ!” ಬಂತು. ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿ ನೋಡಿತು! ಕೂಗಿದವನು ಹತ್ತಿರ ಬಂದು ಮಾವನ ಬಿಳಿ ಮೀಸೆಯನ್ನೇ ನೋಡುತ್ತಾ, “ನೀವು ಪಾರ್ವತಿನಾ?” ಎಂದು ಕೇಳಿದ.

“ಅಲ್ಲ. ಆದ್ರೆ ಅವ್ಳಿಗೆ ಕೇಳ್ಲಿಲ್ಲ. ಅಲ್ಲಿ ಶೇಂಗಾ ತಕಂತಾ ನಿಂತವ್ಳು ಅವ್ಳೇ ಇರ್ಬೇಕು, ನೋಡಿ.”

ಅವಳೇ ಪಾರ್ವತಿ! ಅಷ್ಟರಲ್ಲಿ ನಾನು ಕಂಬದ ಮರೆಗೆ ಹೋಗಿ ನಿಂತುಬಿಟ್ಟಿದ್ದೆ. ಫೋನಿನ ಕಥೆ ಇನ್ನೂ ಚೆಂದ. ಕಂಪನಿಯ ಹೆಂಗಸಿನ ದನಿ “ಈ ಹಾಡು ಬೇಕಾದರೆ ಒಂದನ್ನು ಒತ್ತಿ” ಎಂದರೆ ಮಾವ ಒತ್ತುತ್ತಾನೆ. “ಪಾಪ, ಅಷ್ಟ್ ಕರೀತದೆ. ಒತ್ತಿದ್ರೆ ನಮ್ಮ ಗಂಟೆಂತಾ ಹೋತದೆ?” ಎನ್ನುತ್ತಾನೆ. ಹಾಗಾಗಿ ಅವನಿಗೆ ಫೋನ್ ಮಾಡಿದವರಿಗೆ ಒಂದು ವಾರ ಭಜನೆ ಕೇಳಿದರೆ ಮರುವಾರ ಐಟಂ ಸಾಂಗು ಕೇಳುತ್ತದೆ.

ಇನ್ನೊಂದು ತಮಾಷೆ ಕೇಳಿ. ಇವನಿಗಿದ್ದ ನೌಕರಿ ಯಾವುದು ಅಂತೀರಿ? ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು! ಮೂರಕ್ಕೂ ಬರದಿದ್ದರೆ ಗೈರುಹಾಜರಿ, ಮುಂದಿನ ಕೇಸು. ಇವನು ಮೂರಾದ ಮೇಲೂ ನಿಲ್ಲಿಸುತ್ತಿರಲಿಲ್ಲ. ಮೆಟ್ಟಿಲಿಳಿದು, ಚಾದಂಗಡಿಯ ತನಕ ಹೋಗಿ, ಅಲ್ಲೂ ಕೂಗಿ, ಬಾಯಲ್ಲಿ ಬಜ್ಜಿ ಇಟ್ಟುಕೊಂಡಿದ್ದವರನ್ನು ಕೈಹಿಡಿದು ಎಳೆತರುತ್ತಿದ್ದ. ಒಂದು ದಿನ ಸಾಹೇಬರು ರೇಗಿದರಂತೆ: “ಮೂರು ಸಲ ಕರೆದಾಯಿತಲ್ಲ, ಇನ್ನೇನು?”

“ಆಯ್ತು ಸಾಹೇಬ್ರೆ. ನಾಲ್ಕನೇದು ನನ್ನ ಸ್ವಂತ ಲೆಕ್ಕ” ಅಂದನಂತೆ ಮಾವ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಿಜವಾದ ಪೀಕಲಾಟ ಇರುವುದು ಸಂಜೆಯ ವಾಕಿಂಗಿನಲ್ಲಿ. ನಮ್ಮ ಮನೆ ಕಿನ್ನರದಲ್ಲಿ, ನಿವೃತ್ತಿಯಾದ ಮೇಲೆ ಮಾವನೂ ನಮ್ಮ ಪಕ್ಕದ ಓಣಿಯಲ್ಲೇ ಮನೆ ಮಾಡಿದ. ದಸರೆ ಮುಗಿದು ದೀಪಾವಳಿ ಇನ್ನೂ ಬರದ ಈ ದಿನಗಳಲ್ಲಿ ಕಾಳಿ ನದಿಯ ದಂಡೆಯ ಹಾದಿ ನೋಡಲು ಚೆಂದ. ಮಳೆ ನಿಂತಿರುತ್ತದೆ, ಗದ್ದೆ ಹಳದಿಗೆ ತಿರುಗಿರುತ್ತದೆ. ನಡೆಯಲು ಮಾತ್ರ ಚೆಂದವಲ್ಲ. ಹುಲ್ಲಿನ ಮುಳ್ಳುಬೀಜಗಳು ಸೀರೆಯ ಅಂಚಿಗೆ ಎಷ್ಟು ಅಂಟಿಕೊಳ್ಳುತ್ತವೆಂದರೆ ಮನೆಗೆ ಬಂದು ಒಂದೊಂದನ್ನೇ ಕೀಳುವಷ್ಟರಲ್ಲಿ ಧಾರಾವಾಹಿ ಮುಗಿದಿರುತ್ತದೆ. ಆರು ಗಂಟೆ ದಾಟಿತೋ, ನೀರಿನ ಮೇಲಿಂದ ಬಿಳಿ ಮಂಜು ಮೆಲ್ಲಗೆ ದಂಡೆ ಹತ್ತುತ್ತದೆ. ಮೊದಲು ಮೊಣಕಾಲು ಕಾಣುವುದಿಲ್ಲ, ಆಮೇಲೆ ಎದುರಿನ ಹಾದಿ ಕಾಣುವುದಿಲ್ಲ.

ಸರಿಯಾಗಿ ಅಂಥ ಹೊತ್ತಿನಲ್ಲೇ ಮಾವ ಗಕ್ಕನೆ ನಿಲ್ಲುತ್ತಾನೆ. ಕತ್ತು ಓರೆ ಮಾಡಿ ಆಲಿಸುತ್ತಾನೆ. ನನಗೆ ಏನೂ ಕೇಳಿರುವುದಿಲ್ಲ. ಜನರಿಲ್ಲ, ಮನೆಯಿಲ್ಲ, ನಾಯಿಯೂ ಇಲ್ಲ. ಮಾವ ಆ ಖಾಲಿ ಗದ್ದೆಯ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಾನೆ: “ಓ... ಬಂದೆ!”

ನನ್ನ ಮೈಮೇಲಿನ ಒಂದೊಂದು ಕೂದಲೂ ಎದ್ದು ನಿಲ್ಲುತ್ತದೆ! ಆ ‘ಬಂದೆ’ ಮಂಜಿನೊಳಗೆ ಹೋಗುತ್ತದೆ. ಎಲ್ಲೋ ಒಂದು ಟಿಟ್ಟಿಭ ಹಕ್ಕಿ ಕಿರುಚಿ ಸುಮ್ಮನಾಗುತ್ತದೆ. ನಿಜವಾಗಿ ಯಾರಾದರೂ ‘ಬಾ’ ಅಂದುಬಿಟ್ಟರೆ ಗತಿಯೇನು ಎಂದು ನಾನು ಮನೆದೇವರನ್ನು ನೆನೆಯುತ್ತಾ ನಿಂತಿರುತ್ತೇನೆ. ಇವನು ಒಂದು ನಿಮಿಷ ಕಾದು, “ಯಾರೂ ಇಲ್ಲ, ಹೋಗ್ವ” ಎಂದು ನಡೆಯತೊಡಗುತ್ತಾನೆ. ನಡೆಯುವಾಗ ಬಲಗೈ ಹೆಬ್ಬೆರಳು ಕಿರುಬೆರಳಿನ ಬುಡದ ಗೆರೆಯ ಮೇಲೇ ಇರುತ್ತದೆ. ಜಪಕ್ಕೆ ಕೂತವರು ಒಂದನೇ ಎಣಿಕೆಯಲ್ಲೇ ನಿದ್ದೆ ಹೋದರೆ ಹೀಗೇ ಇರುತ್ತದೆ ಎಂದು ನಾವೆಲ್ಲ ಅವನನ್ನು ಗೇಲಿ ಮಾಡುತ್ತಿದ್ದೆವು.

ಒಂದು ಸಂಜೆ ನನಗೆ ಸಿಟ್ಟೇ ಬಂತು. “ಮಾವ, ನಮ್ಮ ಅಜ್ಜಿ ಮನೆ ಇದ್ದದ್ದು ಹಿಲ್ಲೂರಲ್ಲಿ. ನಿನ್ನ ಪರಿಚಯದ ದೆವ್ವಗಳೆಲ್ಲ ಅಲ್ಲಿನವು. ಹಿಲ್ಲೂರಿಂದ ಕಿನ್ನರಕ್ಕೆ ಬರಬೇಕಾದ್ರೆ ದೆವ್ವವೂ ಅಂಕೋಲೆಲಿ ಒಂದು, ಕಾರವಾರದಲ್ಲಿ ಒಂದು, ಎರಡು ಕಡೆ ಬಸ್ ಬದಲಿಸ್ಬೇಕು. ಯಾವ ದೆವ್ವಕ್ಕೆ ಅಷ್ಟು ಪುರುಸೊತ್ತು?” ಎಂದೆ. ನನ್ನ ಮಾತಿಗೆ ನಾನೇ ನಕ್ಕೆ. ಮಾವ ನಗಲಿಲ್ಲ. ಯಾವಾಗಲೂ ನನ್ನ ಜೋಕಿಗೆ ನನಗಿಂತ ಮೊದಲು ನಗುವವನು ಅಂದು ಯಾಕೆ ನಗಲಿಲ್ಲ ಎಂದು ನಾನೂ ಕೇಳಲಿಲ್ಲ.

ಸದಾಶಿವಗಡದ ಘಟನೆಯನ್ನಂತೂ ನಾನು ಸಾಯುವ ತನಕ ಮರೆಯುವುದಿಲ್ಲ. ಮೀನು ತರಲು ಹೋಗಿದ್ದೆವು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು, ನದಿಯ ಕಡೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಂಗಡಿಯ ಮುಂದೆ ಏಳೆಂಟು ಜನ ಮಾತಾಡುತ್ತಾ ನಿಂತಿದ್ದರು. ಆಗ ನೀರಿನ ಕಡೆಯಿಂದ ಹೆಂಗಸಿನ ದನಿ ಬಂತು. ಒಂದೇ ಸಲ, ‘ಏ ಅಕ್ಕಾ’ ಎನ್ನುವ ಹಾಗೆ ಕೊಂಕಣಿಯಲ್ಲಿ: “ಅಗೇ ಬಾಯೇ...!”

ಎಲ್ಲರಿಗೂ ಕೇಳಿತು. ಎಲ್ಲರ ಮಾತೂ ನಿಂತಿತು. ಮೀನು ಕೊಚ್ಚುತ್ತಿದ್ದವಳ ಕೈ ಅರ್ಧದಲ್ಲೇ ನಿಂತಿತು. ಎರಡನೆಯ ಕರೆಗಾಗಿ ಮಾವನೊಬ್ಬನನ್ನು ಬಿಟ್ಟು ನಾವೆಲ್ಲ ಕಾದೆವು, ನಾನೂ ಕಾದೆ, ಸುಳ್ಳು ಯಾಕೆ ಹೇಳಲಿ? ಎರಡನೆಯದು ಬರಲಿಲ್ಲ. ಒಬ್ಬ ಮುದುಕ ಮೆಲ್ಲಗೆ “ಅದು ಅದೇ...” ಅಂದ. ಕರೆ ಕೇಳಿದೊಡನೆಯೇ “ಓ... ಬಂದೆ!” ಎಂದು ಕೂಗಿದ್ದ ಮಾವ ಅಷ್ಟರಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಕತ್ತಲಾಗುತ್ತಿದ್ದ ದಂಡೆಯತ್ತ ಓಡಿಬಿಟ್ಟಿದ್ದ. ಒಂಟಿಯಾಗಿ ಬಿಡಲಾರದೆ ನಾವೂ ಬ್ಯಾಟರಿ ಹಿಡಿದು ಹಿಂದೆ ಹೋದೆವು.

ಬಳಚಿನ ಚಿಪ್ಪು ಆರಿಸಲು ನದಿಗಿಳಿದಿದ್ದ ಹೆಂಗಸೊಬ್ಬಳು ತೊಡೆಯ ತನಕ ಕೆಸರಲ್ಲಿ ಹೂತು ನಿಂತಿದ್ದಳು. ಉಬ್ಬರದ ನೀರು ಸೊಂಟಕ್ಕೆ ಬಂದಿತ್ತು. ನಾಲ್ಕು ಜನ ಸೇರಿ ಎಳೆದು ದಡಕ್ಕೆ ಹಾಕಿದೆವು. ಚಾ ಕುಡಿಸಿದ ಮೇಲೆ ನಾನು ಕೇಳಿದೆ, “ಮತ್ತೆ ಯಾಕೆ ಕರೀಲಿಲ್ಲವೇ? ಒಂದೇ ಸಲ ಕರೆದು ಸುಮ್ಮನಾದೆಯಲ್ಲ!”

ಅವಳು ನಡುಗುತ್ತಲೇ ಹೇಳಿದಳು: “ಅರೇ ದೇವಾ! ಹೆಂಗೆ ಕರೀಲಿ ಬಾಯೇ? ನಾ ಕರದ ಕೂಡ್ಲೆ ಕತ್ತಲಲ್ಲಿ ಯಾರೋ ಓ ಅಂದ್ರು. ಒಂದೇ ಸಲ! ನಾ ದೆವ್ವ ಅಂದ್ಕಂಡೆ. ಬಾಯಿ ಮುಚ್ಕಂಡೆ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮಾವ ಮಾತ್ರ ದೂರ ಹೋಗಿ, ಕೆಸರು ಕಾಲಲ್ಲೇ ಒಂದು ಮಗುಚಿ ಹಾಕಿದ ದೋಣಿಯ ಮೇಲೆ ಕೂತಿದ್ದ. ಹತ್ತಿರ ಹೋದಾಗ ಅಳುತ್ತಿದ್ದಾನೆಂದು ಗೊತ್ತಾಯಿತು. ಗಾಬರಿಯಾಗಿದೆ ಅಂದುಕೊಂಡು ನಾನು ನೀರು ಕೊಟ್ಟೆ.

ಕಳೆದ ವರ್ಷದಿಂದ ಮಾವನಿಗೆ ಕಿವಿ ಮಂದವಾಗತೊಡಗಿತು. ಅತ್ತೆ ಮದುವೆಯಾಗಿ ಬಂದಾಗಿಂದ ಮೊದಲ ಬಾರಿಗೆ ಎರಡನೇ ಸಲ ಕರೆದಳು. ಊಟದ ಹೊತ್ತಿಗೆ ಮೂರನೇ ಸಲವೂ ಕರೆದಳು. ವಯಸ್ಸಾದವರಿಗೆ ಇದೇನು ಹೊಸದೇ? ನಮಗೆ ಹಾಗನ್ನಿಸಿತು, ಆದರೆ ಮಾವ ಕಂಗಾಲಾಗಿಬಿಟ್ಟ. ರಾತ್ರಿಯೆಲ್ಲ ಎದ್ದೆದ್ದು ಕೂರುತ್ತಿದ್ದ ಎಂದು ಅತ್ತೆ ಹೇಳಿದಳು. ಕಾರವಾರಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮಶೀನು ಹಾಕಿಸಿದೆವು. ಅದು ಆಗಾಗ ‘ಕುಂಯ್’ ಎಂದು ಶಿಳ್ಳೆ ಹಾಕುತ್ತಿತ್ತು, ಮಾವ ಪ್ರತಿ ಶಿಳ್ಳೆಗೂ ‘ಓ, ಬಂದೆ’ ಎನ್ನುತ್ತಿದ್ದ! ಒಂದೇ ದಿನಕ್ಕೆ ಗಂಟಲು ಬಿದ್ದು, ಮಶೀನು ಡ್ರಾವರ್ ಸೇರಿತು.

ಮರುದಿನ ಸಂಜೆ ದಂಡೆಯ ಮೇಲೆ ನಡೆಯುವಾಗ ಅವನು ನನ್ನ ಕೈ ಹಿಡಿದು ನಿಲ್ಲಿಸಿದ. “ತಂಗಿ, ನಂಗೆ ಇನ್ನು ಕೇಳುದಿಲ್ಲ. ನೀ ಕೇಳ್ತಾ ಇರು. ಯಾರು ಕರದ್ರೂ ನಂಗೆ ಹೇಳ್ಬೇಕು.”

“ಯಾರು ಕರೀತಾರೆ ಮಾವ, ಈ ಗದ್ದೇಲಿ?” ಎಂದು ಅವನ ಕಿವಿಯ ಹತ್ತಿರ ಕೂಗಿದೆ.

ಆಗ ಹೇಳಿದ. ಅವನಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ, ಇಂಥದ್ದೇ ಮಳೆ ಮುಗಿದ ಆಶ್ವೀಜದ ಒಂದು ಸಂಜೆ. ಹಿಲ್ಲೂರಿನ ಮನೆಯ ಜಗುಲಿಯಲ್ಲಿ ಚಾ ಕುಡಿಯುತ್ತಾ ಕೂತಿದ್ದ. ಅಜ್ಜಿ ಕೆಳಗಿನ ಹಳ್ಳಕ್ಕೆ ಪಾತ್ರೆ ತೊಳೆಯಲು ಹೋಗಿದ್ದಳು. ಅಲ್ಲಿಂದ “ತಮ್ಮಾ” ಎಂದು ಕರೆದದ್ದು ಕೇಳಿಸಿತು.

“ಒಂದು ಅಂತ ಎಣಿಸ್ದೆ” ಎಂದು ಕೈ ಮುಂದೆ ಚಾಚಿ ತೋರಿಸಿದ. ಹೆಬ್ಬೆರಳು ಕಿರುಬೆರಳಿನ ಬುಡದ ಗೆರೆಯ ಮೇಲಿತ್ತು. “ಬೆರಳು ಇಲ್ಲೇ ಇಟ್ಕಂಡು ಕೂತೆ. ಆಯೀನೇ ಕಲ್ಸಿದ್ದಲ್ವನೆ? ಮೂರು ಸಲ ಕರೀದೆ ಓ ಅನ್ಬೇಡ ಅಂತ. ಚಾ ಬಿಸಿ ಇತ್ತು, ಕುಡ್ದು ಮುಗಿಸ್ದೆ. ಎರಡನೇದು ಬರ್ಲೇ ಇಲ್ಲ.”

ಹಾವಸೆಗಲ್ಲಿನ ಮೇಲೆ ಜಾರಿ ಬಿದ್ದಿದ್ದಳಂತೆ, ತಲೆಗೆ ಪೆಟ್ಟು. ಅಜ್ಜಿ ಬಿದ್ದು ಸತ್ತಳು ಎಂದು ನಮಗೆ ಗೊತ್ತಿತ್ತು. ಕರೆದಿದ್ದಳು ಎಂದು ಅವನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಅತ್ತೆಗೂ.

“ಓಡಿ ಹೋಗಿದ್ರೂ ಉಳೀತಿರ್ಲಿಲ್ಲ ಅಂದ್ರು ಡಾಕ್ಟರು. ಇರ್ಬಹುದು. ಆದ್ರೆ ಓ ಅನ್ನುದಕ್ಕೆ ಡಾಕ್ಟರು ಬೇಕೇನೆ? ಮಗ ಮನೇಲಿದ್ದಾನೆ, ಬತ್ತಾನೆ ಅಂತಾದ್ರೂ ಅವ್ಳಿಗೆ ಗೊತ್ತಾಗ್ತಿತ್ತು.”

ಆ ಬಸ್ಸಿನ ಜೋಕು ನೆನಪಾಗಿ ನಾಚಿಕೆಯಿಂದ ಸತ್ತೇಹೋದೆ. ನನ್ನ ಅಜ್ಜಿಯ ಬಗ್ಗೆಯೇ ನಾನು ಹಾಗೆ ಹೇಳಿ ನಕ್ಕಿದ್ದೆ. ಅಂದಿನಿಂದ ದಿನವೂ ಆ ಹಾದಿಯಲ್ಲಿ ಕಿವಿ ತೆರೆದುಕೊಂಡೇ ನಡೆಯುತ್ತಿದ್ದೇನೆ. ಪ್ರತಿದಿನ ಮಂಜು ದಂಡೆ ಹತ್ತುವ ಹೊತ್ತಿಗೆ ಮಾವ ನನ್ನ ಮುಖ ನೋಡುತ್ತಾನೆ. ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. ಅವನು “ಹೋಗ್ವ” ಎನ್ನುತ್ತಾನೆ.

ಮೊನ್ನೆ ಸಂಜೆ ಮಂಜು ಬೇಗನೇ ಬಂತು. ಮಾವ ಎರಡು ಹೆಜ್ಜೆ ಮುಂದಿದ್ದ, ಅಷ್ಟು ಹತ್ತಿರವಿದ್ದರೂ ಅರ್ಧ ಮಾತ್ರ ಕಾಣುತ್ತಿದ್ದ. ಆಗ ನನಗೆ ಕೇಳಿತು. ಆಣೆ ಮಾಡಿ ಹೇಳುತ್ತೇನೆ, ಕೇಳಿತು. ಗದ್ದೆಯ ಆಚೆಯಿಂದ, ತೆಳ್ಳಗೆ, ಒಂದೇ ಸಲ. ದನ ಕರೆಯುವ ಹೆಂಗಸಿರಬಹುದು, ಹಕ್ಕಿಯೂ ಇರಬಹುದು. ಹೆಸರು ಸ್ಪಷ್ಟವಾಗಲಿಲ್ಲ. ಹುಟ್ಟಿದಾಗಿನಿಂದ ಕಲಿತ ಅಭ್ಯಾಸ ಬಿಡುತ್ತದೆಯೇ? ನನ್ನ ಮನಸ್ಸು ತಾನಾಗಿ ‘ಒಂದು’ ಎಂದು ಎಣಿಸಿತು. ಎರಡನೆಯದಕ್ಕೆ ಕಾದೆ. ಆಮೇಲೆ ಜೀವ ಕೈಯಲ್ಲಿ ಹಿಡಿದು, ಜೀವನದಲ್ಲಿ ಮೊದಲ ಸಲ, ಒಂದೇ ಕರೆಗೆ ಕೂಗಿದೆ: “ಓ... ಬಂದ್ವಿ!”

ಮಾವನಿಗೆ ನನ್ನ ಕೂಗು ಕೇಳಿತು. ತಿರುಗಿ ನೋಡಿದ. “ಕರದ್ಲೇನೆ?”

‘ಯಾರು’ ಎಂದು ನಾನು ಕೇಳಲಿಲ್ಲ. ಹೌದೆಂದು ತಲೆಯಾಡಿಸಿದೆ.

“ಎಷ್ಟು ಸಲ?”

ಸತ್ಯ ಏನೆಂದು ಈಗ ನಿಮಗೂ ಗೊತ್ತು. ನಾನು ಮೂರು ಬೆರಳು ಎತ್ತಿ ತೋರಿಸಿದೆ.

ಮಾವ ತನ್ನ ಕೈಯನ್ನೇ ನೋಡಿಕೊಂಡ. ಕಿರುಬೆರಳಿನ ಬುಡದಲ್ಲಿದ್ದ ಹೆಬ್ಬೆರಳು ಮೆಲ್ಲಗೆ ಮೇಲಿನ ಗೆರೆಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲಿ ನಿಂತಿತು. ಆಮೇಲೆ ಮೂರನೆಯದಕ್ಕೆ ಹೋಯಿತು. ಆಮೇಲೆ ಅವನು ಕೈ ಬಿಡಿಸಿ ಕೆಳಗೆ ಬಿಟ್ಟ.

“ಎರಡು ಕಡೆ ಬಸ್ ಬದಲಿಸಿ ಬಂದ್ಲಲ್ಲೇ, ಪಾಪ” ಎಂದ. ಮತ್ತೆ ಕೋರ್ಟಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಅದೇ ದೊಡ್ಡ ದನಿಯಲ್ಲಿ ಮಂಜಿನ ಕಡೆ ಮುಖ ಮಾಡಿ ಕೂಗಿದ: “ಓ ಆಯೀ... ಇಲ್ಲೇ ಇದ್ದೆ!”