ಮಾಜಿ ಮಂತ್ರಿಗಳ ಎದೆನೋವು

ಮಾಜಿ ಮಂತ್ರಿಗಳಿಗೆ ಎದೆನೋವು ಬರುತ್ತಿದ್ದುದು ಕೋರ್ಟಿನ ತಾರೀಖು ನೋಡಿಕೊಂಡೇ. ಸೇತುವೆಯ ಸಿಮೆಂಟು ನುಂಗಿದ ಕೇಸಿನಲ್ಲಿ ಅವರಿಗೆ ಸಮನ್ಸ್ ಮುಟ್ಟಿಸುವ ಕೆಲಸ ಕೋರ್ಟಿನ ಅಮೀನರ ತಲೆಗೆ ಬಿದ್ದಿತ್ತು. ನಾಲ್ಕು ಸಲ ಬರಿಗೈಯಲ್ಲಿ ಮರಳಿದ್ದರು. "ಇವತ್ತು ಮೂರು ಗಂಟೆಗೆ ವಿಚಾರಣೆ. ಸಹಿ ಇಲ್ದೆ ಈ ಕಡೆ ಬರ್ಬೇಡಿ," ಎಂದು ಹೆಡ್ ಕ್ಲರ್ಕ್ ಬೆಳಿಗ್ಗೆಯೇ ಗದರಿದ್ದರು.

ಆಸ್ಪತ್ರೆಯ ಲಿಫ್ಟಿನ ಮುಂದೆ ಬೆಂಬಲಿಗರು ಗೋಡೆಯಂತೆ ನಿಂತಿದ್ದರು.

"ಸಾಹೇಬ್ರಿಗೆ ಪ್ರಜ್ಞೆ ಇಲ್ಲ," ಎಂದ ಒಬ್ಬ.

"ಪ್ರಜ್ಞೆ ಬಂತು, ಮಾತು ಬಂದಿಲ್ಲ," ಎಂದ ಇನ್ನೊಬ್ಬ.

ಕಾವಲುಗಾರ ಕನಿಕರಪಟ್ಟು ಹಿಂದಿನ ಮೆಟ್ಟಿಲು ತೋರಿಸಿದ. ಏಳು ಮಹಡಿ ಹತ್ತುವಷ್ಟರಲ್ಲಿ ಅಮೀನರು ಹಳೇ ಲಾರಿಯಂತೆ ಹೊಗೆಯುಗುಳುವುದೊಂದು ಬಾಕಿ.

"ಬನ್ನಿ, ಮಲ್ಕೊಳ್ಳಿ," ಎಂದು ನರ್ಸಮ್ಮ ರಟ್ಟೆ ಹಿಡಿದಳು.

"ನಾನು ರೋಗಿ ಅಲ್ಲ ಸಿಸ್ಟರ್."

"ಎಲ್ರೂ ಹಾಗೇ ಅಂತಾರೆ. ಶರ್ಟ್ ಬಿಚ್ಚಿ."

ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದೇಬಿಟ್ಟಳು. ಪಕ್ಕದ ಪರದೆಯಾಚೆ ಯಾರೋ ಸೇಬು ಕಚ್ಚುವ ಸದ್ದು. ಅಮೀನರು ಮಲಗಿದಲ್ಲಿಂದಲೇ ಪರದೆ ಸರಿಸಿದರೆ, ಮಾಜಿ ಮಂತ್ರಿಗಳು! ಅವರ ಇಸಿಜಿಯೂ ಆಗಷ್ಟೇ ಮುಗಿದಿತ್ತು.

ಅಮೀನರು ಸಮನ್ಸ್ ಚಾಚಿದರು. ಮಾಜಿಗಳು ಸಿಡುಕಲಿಲ್ಲ. "ನನ್ನಿಂದ ಎಷ್ಟು ಅಲೆದಾಟ ಆಯ್ತಲ್ಲಪ್ಪ ನಿಂಗೆ," ಎಂದು ಸಹಿ ಹಾಕಿ, ಒಂದು ಸೇಬನ್ನೂ ಕೊಟ್ಟರು. ನರ್ಸಮ್ಮ ಅಮೀನರ ಕೈಗೊಂದು ಇಸಿಜಿ ಲಕೋಟೆ, ಅಲ್ಲೇ ನಿಂತಿದ್ದ ಮಾಜಿಗಳ ವಕೀಲರ ಕೈಗೊಂದು ಲಕೋಟೆ ಇಟ್ಟು ಅವಸರದಲ್ಲಿ ಹೋದಳು. ಅಮೀನರು ಮೆಟ್ಟಿಲಿಳಿದದ್ದು ಮದುಮಗನ ಠೀವಿಯಲ್ಲಿ.

ಮೂರು ಗಂಟೆಗೆ ಮಾಜಿಗಳ ಬದಲು ವಕೀಲರು ಎದ್ದುನಿಂತು ಇಸಿಜಿ ಒಪ್ಪಿಸಿದರು. ನ್ಯಾಯಾಧೀಶರು ತಮ್ಮ ವೈದ್ಯರನ್ನು ಕರೆಸಿ ತೋರಿಸಿದರು.

"ಇದು ನಿಜವಾದ ಕಾಯಿಲೆನೇ ಸ್ವಾಮಿ," ಎಂದರು ವೈದ್ಯರು. "ಬರೀ ಸುಸ್ತಲ್ಲ. ಈ ಮನುಷ್ಯ ಮೆಟ್ಟಿಲು ಹತ್ಲೇಬಾರದು. ಮೂರು ತಿಂಗಳು ವಿಶ್ರಾಂತಿ ಬೇಕು."

ವಿಚಾರಣೆ ಮೂರು ತಿಂಗಳು ಮುಂದಕ್ಕೆ ಹೋಯಿತು.

ಅಮೀನರು ತಮ್ಮ ಲಕೋಟೆ ಬಿಚ್ಚಿದರು. ಮೇಲೆ ಬರೆದ ಹೆಸರು ಅವರದೇ, ಒಳಗಿನ ವರದಿಯಲ್ಲಿ ವಯಸ್ಸು ಮಾತ್ರ ಮಾಜಿಗಳದ್ದು, ಅರವತ್ತೆಂಟು. ಅವರಿಗಿನ್ನೂ ನಲವತ್ತಾರು. ಹೆಡ್ ಕ್ಲರ್ಕ್ ಬಳಿಗೆ ಓಡಿದರು.

"ಸಾರ್, ಒಳಗೆ ತೋರಿಸಿದ್ದು ನನ್ನ ಹೃದಯ. ಆ ಮೂರು ತಿಂಗಳ ರಜೆ ನಂಗೆ ಸಿಗ್ಬೇಕು."

ಹೆಡ್ ಕ್ಲರ್ಕ್ ಅವರ ಕೈಯಲ್ಲಿದ್ದ ವರದಿ ಇಸಿದುಕೊಂಡು ಓದಿದರು. ಮುಖ ಅರಳಿತು.

"ರಜೆ ಯಾಕ್ರೀ? ಕುದುರೆಯಂಥ ಗಟ್ಟಿ ಹೃದಯ ಅಂತ ಬರೆದಿದಾರಲ್ಲ. ಇನ್ನೂ ಒಂಬತ್ತು ಜನ ಮಾಜಿಗಳು ಅದೇ ಆಸ್ಪತ್ರೇಲಿದಾರೆ. ನಾಳೆಯಿಂದ ಅವರ ಸಮನ್ಸೂ ನೀವೇ ತಗೊಂಡ್ಹೋಗಿ."