ಭಾವನ ಕಚೇರಿಗೆ ಫ್ಯಾನ್ ಆರಿಸಿ

ನಮ್ಮ ಭಾವ ಪಿಟೀಲು ಹಿಡಿದು ಕುಳಿತರೆ ಬೆವರದೆ ಎದ್ದುಹೋದವರು ಒಬ್ಬರೂ ಇಲ್ಲ! ಹೊಗಳಿಕೆ ಎಂದುಕೊಂಡಿರಾ? ಫ್ಯಾನ್ ಆರಿಸಿ ಕೂರಿಸಿದರೆ ಯಾರು ತಾನೇ ಬೆವರುವುದಿಲ್ಲ?

ಅಕ್ಕನನ್ನು ಮದುವೆಯಾಗಿ ವಿಜಯವಾಡದಲ್ಲಿ ನೆಲೆಸಿರುವ ಈ ಮಹಾಶಯರು ನುಡಿಸುವುದು ಮನೆಗಳಲ್ಲಿ ಮಾತ್ರ. ನಡುಮನೆಯಲ್ಲೊಂದು ಜಮಖಾನ, ಅದರ ಮೇಲೆ ಹಿಡಿಸುವಷ್ಟು ಜನ. ಮೈಕು ಕೂಡದು. ತಂತಿಯ ನಾದ ನೇರವಾಗಿ ಕಿವಿಗೆ ಬೀಳಬೇಕಂತೆ! ಅದಕ್ಕಾಗಿ ಫ್ಯಾನು, ಫ್ರಿಜ್ಜು, ಕುಕ್ಕರು, ಗೋಡೆ ಗಡಿಯಾರ ಎಲ್ಲವೂ ಬಾಯಿ ಮುಚ್ಚಿಕೊಂಡಿರಬೇಕು. ಅದೂ ವಿಜಯವಾಡದ ಮೇ ತಿಂಗಳಲ್ಲಿ!

ಒನ್ ಟೌನ್ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಆಸೆಪಟ್ಟು ಮನೆಗೆ ಕರೆಸಿದ್ದರು. ಕಚೇರಿಯ ಮೊದಲ ವರ್ಣ ಮುಗಿಯುವ ಹೊತ್ತಿಗೇ ಅವರ ಜುಬ್ಬ ಹಿಂಡುವಂತಾಗಿತ್ತು. "ಗುರುವುಗಾರೂ, ಕೊಂಚೆಂ ಗಾಲಿ..." ಎಂದು ಅಂಗಲಾಚಿದರು. ಗಾಳಿ ಬೇಕಿದ್ದವರು ಕೃಷ್ಣೆಯ ದಡಕ್ಕೆ ಹೋಗಬಹುದು ಎಂದು ಭಾವ ತೆಲುಗಿನಲ್ಲೇ ಅಪ್ಪಣೆ ಕೊಟ್ಟರು. ಅರ್ಧ ಜಮಖಾನ ಖಾಲಿಯಾಯಿತು. ಮನೆಯ ಯಜಮಾನರೂ ಹೋದರು!

ಇವರ ಕೈಯಲ್ಲಿ ವಿದ್ಯೆಯಿಲ್ಲದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ವಿದ್ಯೆಯಿತ್ತು, ಅದೇ ಸಂಕಟ. ಅಕ್ಕನ ಸಂಬಳದಲ್ಲಿ ಸಂಸಾರ ಸಾಗುತ್ತಿತ್ತು. ಆಗ ಅದೇ ಊರಿನಲ್ಲಿ ನಾನು ಕೆಲಸಕ್ಕಿದ್ದ ಬ್ಯಾಂಕಿನ ಗ್ರಾಹಕರ ಕೈಕಾಲು ಹಿಡಿದು, ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಗುಡಿಗೆ ಊರೆಲ್ಲ ಹರಿದು ಬರುವ ದಸರೆಯಲ್ಲಿ ಒಂದು ದೊಡ್ಡ ಸಭೆಯ ವೇದಿಕೆ ಕೊಡಿಸಿದೆ. ಭಾವ ಹತ್ತಿದರು, ಮೈಕು ನೋಡಿದರು.

"ಇದನ್ನ ತೆಗೆಸಯ್ಯಾ."

"ಹಿಂದಿನ ಸಾಲಿಗೆ ಕೇಳಿಸಲ್ಲ, ಭಾವ!"

"ಹಿಂದಿನವರು ಮುಂದೆ ಬಂದು ಕೂತ್ಕೊಳ್ಳಲಿ."

ಪಿಟೀಲು ಪೆಟ್ಟಿಗೆ ಸೇರಿತು, ಭಾವ ಆಟೋ ಸೇರಿದರು. ಸಂಘಟಕರ ಬೈಗುಳಕ್ಕೆ ನಾನೊಬ್ಬನೇ ಉಳಿದೆ.

ಅದನ್ನೂ ಮರೆಯಬಲ್ಲೆ, ಅಮ್ಮನ ವಿಷಯ ಮರೆಯಲಾರೆ. ಅವಳಿಗೆ ಉಬ್ಬಸ, ಫ್ಯಾನಿಲ್ಲದೆ ಕೂರಲಾರಳು. ಅಕ್ಕನ ಮನೆಯಲ್ಲಿ ಕಚೇರಿಯಾದಾಗಲೆಲ್ಲ ಒಳಕೋಣೆಯ ಫ್ಯಾನಿನ ಕೆಳಗೆ, ಮುಚ್ಚಿದ ಬಾಗಿಲಿನತ್ತ ಕಿವಿಯಾನಿಸಿ ಕೂರುತ್ತಿದ್ದಳು. "ಅಳಿಯಂದಿರ ಎದುರು ಕೂತು ಒಂದ್ಸಲ ಪೂರ್ತಿ ಕೇಳ್ಬೇಕು ಕಣೋ" ಎನ್ನುವಳು. ನನಗೆ ಮೈ ಉರಿಯುತ್ತಿತ್ತು.

ಈಗ ಅಮ್ಮ ವಿಶಾಖಪಟ್ಟಣದ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ. ಮೂಗಿಗೆ ನಳಿಗೆ, ಪಕ್ಕದಲ್ಲಿ ಸದಾ ಗುಂಯ್‌ಗುಡುವ ಆಕ್ಸಿಜನ್ ಯಂತ್ರ. ಮೊನ್ನೆ ಸಂಜೆ ಭಾವ ಪಿಟೀಲಿನೊಂದಿಗೆ ಬಂದಿಳಿದರು. ನಾನು ಬಾಗಿಲಲ್ಲೇ ಜಗಳಕ್ಕೆ ನಿಂತೆ: "ಈ ಸದ್ದು ಮಾತ್ರ ನಿಲ್ಲಿಸೋಕಾಗಲ್ಲ, ಭಾವ!"

ಭಾವ ನನ್ನನ್ನು ದಾಟಿ ಒಳಗೆ ನಡೆದರು. ಮಂಚದ ಬಳಿ ನೆಲದ ಮೇಲೆ ಕುಳಿತು, ಯಂತ್ರಕ್ಕೆ ಕಿವಿಗೊಟ್ಟರು. ತಮ್ಮ ಶ್ರುತಿಪೆಟ್ಟಿಗೆಯನ್ನು ಹಚ್ಚಿ ನೋಡಿ, ಮತ್ತೆ ಆರಿಸಿದರು. ಬಿರಡೆ ತಿರುವಿ ತಿರುವಿ, ಪಿಟೀಲಿನ ಷಡ್ಜವನ್ನು ಆ ಗುಂಯ್‌ಕಾರಕ್ಕೇ ತಂದು ಸೇರಿಸಿದರು.

"ಶ್ರುತಿ ಚೆನ್ನಾಗಿದೆ ಅತ್ತೆ. ಏನು ನುಡಿಸ್ಲಿ?"

ಅಮ್ಮ ಗಾಬರಿಯಿಂದ ಮೇಲೆ ನೋಡಿದಳು. "ಫ್ಯಾನು ಆರಿಸ್ಬೇಕಲ್ವೇ?"

"ತಿರುಗ್ಲಿ ಬಿಡಿ ಅತ್ತೆ, ಅದು ತಾಳ ಹಾಕುತ್ತೆ."

ಇಷ್ಟು ವರ್ಷ ಕೂಡಿಟ್ಟ ನನ್ನ ಸಿಟ್ಟು ಕಣ್ಣಿನಿಂದ ಇಳಿದುಹೋಯಿತು. ಅಮ್ಮ ಅಳಿಯನ ಎದುರಿಗೇ, ಮಂಗಳದವರೆಗೂ ಕೇಳಿದಳು.