ಸ್ನಾನಕ್ಕೆ ಪಾಸಾದ ಸಮುದ್ರ

ಸಮುದ್ರದ ನೀರು ಸ್ನಾನಕ್ಕೆ ಆಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಉದ್ಯೋಗ. ಬಾಟಲಿ ಹಿಡಿದು ಹೋದ ದಿನ ಯಾರಾದರೊಬ್ಬರು ನನ್ನ ಎಂ.ಎಸ್ಸಿ.ಯ ಮರ್ಯಾದೆ ತೆಗೆಯದೆ ಬಿಟ್ಟದ್ದಿಲ್ಲ. ಕೂಳೂರು ಹೊಳೆಯ ಸಂಕ ದಾಟಿದರೆ ಸಿಗುವ ಒಂದೇ ಬೀಚಿನಲ್ಲಿ ಅದು ಮೂರು ಸಲ ಹೋಯಿತು.

೧. ಐಸ್ ಪೆಟ್ಟಿಗೆ

ತುಂಬಿಸಿದ ಬಾಟಲಿಯನ್ನು ಲ್ಯಾಬ್ ಮುಟ್ಟುವ ತನಕ ಐಸಿನಲ್ಲಿಡಬೇಕು. ಪೆಟ್ಟಿಗೆ ಕಂಡು ಹೆಂಗಸೊಬ್ಬರು ಹತ್ತಿರ ಬಂದರು.

“ಬಂಗುಡೆ ಉಂಟಾ?”

“ಮೀನಲ್ಲ ಅಕ್ಕ, ನೀರು. ಇದೇ ಸಮುದ್ರದ್ದು.”

“ಅದಕ್ಕೆಂತಕ್ಕೆ ಐಸ್?”

“ಹೊರಗಿಟ್ಟರೆ ಹಾಳಾಗ್ತದೆ.”

ಅವರು ಸಮುದ್ರದ ಕಡೆ ಒಮ್ಮೆ ನೋಡಿದರು. “ಉಳಿದದ್ದನ್ನೆಲ್ಲ ಹೊರಗೇ ಬಿಟ್ಟಿದ್ದೀರಲ್ಲ?”

೨. ಒಳ್ಳೆಯ ನೀರಿನ ಜಾಗ

ಆ ಸ್ಯಾಂಪಲ್ ಫೇಲಾಯಿತು. ಮಳೆಗೆ ಊರ ತೋಡಿನ ಕೊಳಕೆಲ್ಲ ಹರಿದು ಬಂದು ಸಮುದ್ರ ಸೇರಿತ್ತು. ಹೆಚ್ಚು ಕಂಗಾಲಾದದ್ದು ಎಲ್ಲರೂ ಕಾಕ ಎನ್ನುವ ಅಂಗಡಿಯವರು. ಗಲ್ಫಿನಲ್ಲಿ ದುಡಿದದ್ದನ್ನೆಲ್ಲ ಹಾಕಿ, ಮಿಂದು ಬಂದವರಿಗೆ ಉಪ್ಪು ತೊಳೆಯಲು ಸಿಹಿನೀರಿನ ಶವರ್ ಕಟ್ಟಿಸಿದ್ದರು. ನೀರು ಪಾಸಾಗುವ ತನಕ ಸ್ನಾನ ಬಂದ್. ಶವರಿನಲ್ಲಿ ಕಾಗೆ ಮೀಯುತ್ತಿತ್ತು.

ಬೀಚ್ ಸಮಿತಿಯ ಅಧ್ಯಕ್ಷರು ನನ್ನನ್ನು ಬದಿಗೆ ಕರೆದರು. “ಮುಂದಿನ ಸಲ ಸ್ವಲ್ಪ ಆಚೆಯಿಂದ ತೆಗೀರಿ ಮಾರಾಯ್ರೆ.”

“ಎಷ್ಟು ಆಚೆ?”

ದೂರದಲ್ಲಿ ಲಂಗರು ಹಾಕಿದ್ದ ಹಡಗು ತೋರಿಸಿದರು.

“ಜನ ಮೀಯುವಲ್ಲಿಂದಲೇ ತೆಗೀಬೇಕು. ಅಲ್ಲಿ ಯಾರು ಮೀಯ್ತಾರೆ?”

“ಯಾರೂ ಇಲ್ಲ. ಅದಕ್ಕೇ ನೀರು ಒಳ್ಳೆದುಂಟು!”

೩. ಪಾಸು

ಮಳೆಗಾಲ ಮುಗಿದ ಮೇಲೆ, ಜನ ಮೀಯುವಲ್ಲಿಂದಲೇ ತೆಗೆದ ನೀರು ಪಾಸಾಯಿತು. ಆದಿತ್ಯವಾರ ಹೋಗಿ ನೋಡಿದರೆ ದಡದುದ್ದ ಹಗ್ಗ. ಹಗ್ಗದಾಚೆ ಖಾಲಿ ಸಮುದ್ರ, ಈಚೆ ಟವಲು ಹಿಡಿದ ಜನ. ನಡುವೆ ಸಮಿತಿಯ ಹೊಸ ಬೋರ್ಡು: ‘ಈ ನೀರು ಸ್ನಾನಕ್ಕೆ ಯೋಗ್ಯ. ಸ್ಯಾಂಪಲ್ ತೆಗೆಯುವವರ ಹೊರತು ಯಾರೂ ಇಳಿಯಬಾರದು.’

ಕಾಕ ಅಧ್ಯಕ್ಷರೊಡನೆ ಜಗಳಕ್ಕೆ ನಿಂತಿದ್ದರು. “ಪಾಸಾಯ್ತಲ್ಲ, ಇನ್ನೆಂತ?”

“ಮುಂದೆ ಪುನಃ ಪರೀಕ್ಷೆ ಉಂಟು ಕಾಕ. ಇವರೆಲ್ಲ ಮಿಂದು ಫೇಲಾದರೆ?”

ಕಾಕ ಅಂಗಡಿಯಿಂದ ನೀರಿನ ಬಾಟಲಿಯೊಂದನ್ನು ತಂದು, ಕುಡಿದು ಖಾಲಿ ಮಾಡಿ, ಲುಂಗಿ ಎತ್ತಿಕಟ್ಟಿ ಹಗ್ಗದಡಿ ನುಸುಳಿದರು.

“ಓಯ್, ಎಲ್ಲಿಗೆ?”

“ಸ್ಯಾಂಪಲ್ ತೆಗೀಲಿಕ್ಕೆ!” ಎಂಬ ಉತ್ತರ ಎದೆಮಟ್ಟದ ನೀರಿನಿಂದ ಬಂತು.

ಜನ ಅಂಗಡಿಗೆ ಮುಗಿಬಿದ್ದರು. ಸ್ವಲ್ಪ ಹೊತ್ತಿನಲ್ಲಿ ಬಾಟಲಿಗಳೆಲ್ಲ ಖಾಲಿ, ಸಮುದ್ರ ಭರ್ತಿ. ಇಷ್ಟು ಶ್ರದ್ಧೆಯಿಂದ ಸ್ಯಾಂಪಲ್ ತೆಗೆಯುವವರನ್ನು ನಾನು ನಮ್ಮ ಲ್ಯಾಬಿನಲ್ಲಿ ಕಂಡಿಲ್ಲ.

ಸಂಜೆ ಶವರಿನ ಮುಂದೆ ಉದ್ದದ ಕ್ಯೂ. ಎಲ್ಲರಿಗಿಂತ ಮುಂದೆ, ಜಡೆಯಿಂದ ನೀರಿಳಿಸುತ್ತ, ಬಾಟಲಿ ಹಿಡಿದು ನಿಂತವರು ಅಧ್ಯಕ್ಷರ ಹೆಂಡತಿ.

“ನಂದು ಇನ್ನೂ ತುಂಬಲಿಲ್ಲ,” ಎಂದರು ಗಂಡನಿಗೆ. “ನಾಳೆ ಪುನಃ ಬರ್ಬೇಕು.”